ಡೀಸೆಲ್ಲಿಗೆ ಚಳಿಯ ಔಷಧ

ಲಡಾಖಿನ ಚಳಿಗೆ ಡೀಸೆಲ್ ರಾತ್ರಿ ಕಳೆಯುವುದರೊಳಗೆ ತುಪ್ಪದಂತೆ ಗಟ್ಟಿಯಾಗುತ್ತದೆ. ಇದು ಸುಳ್ಳಲ್ಲ. ಸಿದ್ಧಾರೂಢ ಅಲ್ಲಿ ಮಿಲಿಟರಿ ಟ್ರಕ್ ಓಡಿಸಿದವನು. ಟ್ಯಾಂಕಿಗೆ ಔಷಧ ಬೆರೆಸದೆ ಮಲಗಿದ ಡ್ರೈವರುಗಳು ಬೆಳಿಗ್ಗೆ ಬೈಸಿಕೊಳ್ಳುವುದನ್ನು ಕಣ್ಣಾರೆ ಕಂಡವನು. ಆತನ ಗಾಡಿ ಒಂದು ದಿನವೂ ನಿಂತದ್ದಿಲ್ಲ. ಆದರೆ ನಿವೃತ್ತನಾಗಿ ಆತ ಬಂದದ್ದು ಹುಬ್ಬಳ್ಳಿ ಕಡೆಯ ತನ್ನೂರು ಯರಗುಪ್ಪಿಗೆ. ಇಲ್ಲಿ ಎಂಥ ಚಳಿ ಬಿದ್ದರೂ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟೀತು, ಡೀಸೆಲ್ ಅಲ್ಲ.

ಹೊಲ ತಮ್ಮ ಗೌರೀಶನ ಕೈಯಲ್ಲಿತ್ತು. ಬಿತ್ತನೆ, ದನ, ಸಂತೆ ಎಲ್ಲವೂ ಅಣ್ಣನಿಲ್ಲದೆ ನಡೆದುಕೊಂಡು ಬಂದಿದ್ದವು, ಅಣ್ಣ ಬಂದ ಮೇಲೂ ಹಾಗೆಯೇ ನಡೆದವು. ಏನು ಮಾಡಲು ಹೋದರೂ "ನೀ ಕುಂದ್ರಣ್ಣಾ, ಆಳು ಮಾಡ್ತಾರ" ಎಂಬ ಮಾತು. ಕುಂತು ಕುಂತು ಆತನಿಗೆ ಸಾಕಾಗಿ ಹೋಗಿತ್ತು.

ಚಳಿಗಾಲ ಬಂದರೆ ಮಾತ್ರ ಜೀವ ಬರುತ್ತಿತ್ತು. ಹೆಂಡತಿ ಮಹಾನಂದಾ, ಹುಬ್ಬಳ್ಳಿಯಿಂದ ತಂದ ಔಷಧ ಬೆರೆಸಿದ್ದೇನೆಂದು ಹೇಳಿ ಕ್ಯಾನಿನಲ್ಲಿ ಡೀಸೆಲ್ ತುಂಬಿಡುವಳು. ಸಂಜೆ ಆತ ಅದನ್ನು ಅಳೆದು ಟ್ರ್ಯಾಕ್ಟರಿನ ಟ್ಯಾಂಕಿಗೆ ಸುರಿಯುವನು. ಬೆಳಿಗ್ಗೆ ಇಂಜಿನ್ ಒಂದೇ ಸಲಕ್ಕೆ ಎದ್ದರೆ, ನೋಡಿದಿರಾ ಎಂಬಂತೆ ಮನೆಯವರತ್ತ ತಿರುಗುವನು. ಮೆಕ್ಯಾನಿಕ್ ಫಕ್ರುಸಾಬ ಒಮ್ಮೆ "ಇಲ್ಲಿ ಇದು ಬೇಕಾಗೂದಿಲ್ರಿ ಸಾಹೇಬ್ರ" ಎಂದು ಹೇಳಿ ನೋಡಿದ. "ನೀ ಲಡಾಖ ನೋಡೀಯೇನು?" ಎಂದಮೇಲೆ ಬಾಯಿ ಮುಚ್ಚಿದ. ಪಾಪ, ಇನ್ನೇನು ಮಾಡಬೇಕು?

ಎಳ್ಳಮಾವಾಸ್ಯೆಯ ಬೆಳಿಗ್ಗೆ, ಪೂಜೆಯ ಎಡೆಯನ್ನು ಪೈರಿಗೆ ಚರಗವಾಗಿ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೊರಟಿದ್ದರು. ಟ್ರೇಲರಿನಲ್ಲಿ ಓಣಿಯ ಹೆಂಗಸರು, ಸಜ್ಜೆ ರೊಟ್ಟಿ, ಕಡುಬಿನ ಬುಟ್ಟಿಗಳು. ಗೌರೀಶ ಕೀಲಿ ತಿರುವಿದ. ಇಂಜಿನ್ ಗರಗರ ತಿರುಗಿತೇ ಹೊರತು ಚಾಲೂ ಆಗಲಿಲ್ಲ.

"ಇಳಿ," ಎಂದ ಸಿದ್ಧಾರೂಢ. "ಡೀಸೆಲ್ ಹೆಪ್ಪುಗಟ್ಟೇತಿ. ರಾತ್ರಿ ಚಳಿ ಅಗದಿ ಜೋರಿತ್ತು, ಸಂಜೀಕ ಹಾಕಿದ್ದು ಸಾಲಿಲ್ಲ."

ಡೀಸೆಲ್ ಪೈಪಿನೊಳಗೆ ಗಾಳಿ ಹಿಡಿದರೂ ಇಂಜಿನ್ ಹೀಗೇ ಮಾಡುತ್ತದೆಂದು ಆತನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಇಂಥ ಒಂದು ಬೆಳಗಿಗಾಗಿ ಊರಿಗೆ ಬಂದಾಗಿನಿಂದ ಕಾದಿದ್ದ. ಓಡಿಹೋಗಿ ಕ್ಯಾನು ತಂದು ಸುರಿದ. ಚಾಲೂ ಆಗಲಿಲ್ಲ. ಇನ್ನಷ್ಟು ಸುರಿದ. "ಸ್ವಲ್ಪ ತಡೀರಿ, ಔಷಧ ಇಳೀಬೇಕು," ಎಂದು ಹೆಂಗಸರಿಗೆ ಹೇಳಿದ. ಬಿಸಿಲೇರಿತು. ಗೌರೀಶನ ತಲೆ ಕೆಟ್ಟಿತು.

"ಸಾಕು ಬಿಡಣ್ಣಾ. ಅದರಾಗ ಔಷಧಾನೂ ಇಲ್ಲ, ಮಣ್ಣೂ ಇಲ್ಲ. ಬರೇ ಡೀಸೆಲ್ ಐತಿ. ಮೊದಲಿಂದಾನೂ ಬರೇ ಡೀಸೆಲ್."

ಯಾರೂ ನಗಲಿಲ್ಲ. ನಕ್ಕಿದ್ದರೆ, ಇವರಿಗೂ ಈಗಲೇ ತಿಳಿಯಿತೆಂದು ಸಿದ್ಧಾರೂಢ ಸಮಾಧಾನ ಮಾಡಿಕೊಳ್ಳಬಹುದಿತ್ತು. ಹೆಂಗಸರು ತಂತಮ್ಮ ಬುಟ್ಟಿ ನೋಡುತ್ತ ಕುಳಿತರು. ಓಣಿಗೆಲ್ಲ ಗೊತ್ತಿದ್ದದ್ದು ಆತನೊಬ್ಬನಿಗೆ ಗೊತ್ತಿರಲಿಲ್ಲ.

ಫಕ್ರುಸಾಬ ಬಂದ. ಪೈಪಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹೊರಬಿಟ್ಟ. ಇಂಜಿನ್ ಎದ್ದಿತು. "ಗಾಳಿ ಹಿಡದಿತ್ರಿ," ಎಂದು ನೆಲ ನೋಡಿಕೊಂಡು ಹೇಳಿದ. ಸಿದ್ಧಾರೂಢನೂ ಟ್ರೇಲರ್ ಹತ್ತಿದ. ಹತ್ತದಿದ್ದರೆ, ಮುನಿಸಿಕೊಂಡ ಎಂಬ ಇನ್ನೊಂದು ಮಾತು ಹುಟ್ಟುತ್ತಿತ್ತು.

ಚರಗ ಚೆಲ್ಲಿಯಾದ ಮೇಲೆ ಬನ್ನಿ ಗಿಡದ ಕೆಳಗೆ ಮಹಾನಂದಾ ಗಂಡನಿಗೆ ಬಡಿಸಿದಳು. ಉಳಿದವರು ದೂರ ಕುಳಿತಿದ್ದರು.

"ಕ್ಯಾನು ತುಂಬತಿದ್ದಾಕಿ ನೀನ," ಎಂದ ಆತ. "ಗೌರೀಶ ಹೇಳಿದ್ನೇನು?"

"ಇಲ್ರಿ. ನಾನ ಮಾಡಿದ್ದು. ಅದು ಇಲ್ಲಿ ಬೇಕಾಗೂದಿಲ್ಲಂತ ಫಕ್ರುಸಾಬ ಹೇಳಿದ್ದ. ಆದ್ರ ನಿಮಗ ಏನರ ಒಂದ್ ಕೆಲಸ ಬೇಕಿತ್ತಲ್ರಿ."

ಆಕೆಯ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಆತ ತಾಟು ಎಸೆದು ಎದ್ದು ಹೋಗಬಹುದಿತ್ತು. ಅಳುವ ಕೂಸಿಗೆ ಹೇಳುವಷ್ಟು ಮೆತ್ತಗೆ ಹೇಳಿದ್ದಳು. ಹಿಮದಲ್ಲಿ ಗಾಡಿ ಓಡಿಸಿ ಬಂದ ಗಂಡಸಿಗೆ ಕಟ್ಟಿಕೊಂಡ ಹೆಂಡತಿಯೇ ಆಟಿಕೆ ಕೊಟ್ಟು ಕೂರಿಸಿದ್ದಳು.

"ಇನ್ನೊಂದು ಕಡುಬು ಹಾಕ್ಲಿ?" ಎಂದಳು.

ಆತ ತಾಟು ಮುಂದೆ ಹಿಡಿದ. ಹಾಕಿಸಿಕೊಂಡು ಉಂಡ.