ದೆಯಾನಿರಾ ಮೈತುಂಬಿಕೊಂಡಿದ್ದು

ಎಷ್ಟು ಪುಟ್ಟ ಉರಿ, ಹಿತ್ತಲ ನೀಲಿ ಹೂವಿನಷ್ಟು, ಮನೆಯ ಗ್ಯಾಸಿನ ಉರಿ ಹಾವಿನ ಹಾಗೆ ಭುಸುಗುಡುತ್ತದೆ, ಈ ಸ್ಪಿರಿಟ್ ದೀಪಕ್ಕೆ ಸದ್ದೇ ಇಲ್ಲ ಎಂದುಕೊಳ್ಳುತ್ತ ದೆಯಾನಿರಾ ಮಗಳು ಯುಲಿಯನ್ನು ತೊಡೆಗೆ ಒತ್ತಿಕೊಂಡಳು, ತನ್ನ ಉಚ್ಚೆಯನ್ನು ಡಾಕ್ಟರಮ್ಮ ಗಾಜಿನ ನಳಿಗೆಯಲ್ಲಿ ಹಾಕಿ ಆ ಉರಿಗೆ ಹಿಡಿದಿದ್ದಾಳೆ, ಆಚೆ ಬೆಂಚಿನಲ್ಲಿ ಅರ್ಧ ಊರೇ ಕೂತಿದೆ, ಹೆಣ್ಣಿಗೆ ಇದಕ್ಕಿಂತ ನಾಚಿಕೆ ಉಂಟೆ — ಕಾಲು ಬಾತಿದೆ, ಚಪ್ಪಲಿ ಹತ್ತುತ್ತಿಲ್ಲ ಅಂತಷ್ಟೇ ಹೇಳಲು ಬಂದದ್ದು, ಡಾಕ್ಟರಮ್ಮ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು, ಗುಳಿ ಹಾಗೇ ಉಳಿಯಿತು, ಕಲಸಿಟ್ಟ ಜೋಳದ ಹಿಟ್ಟಿನಲ್ಲಿ ಬೆರಳು ಅದ್ದಿದ ಹಾಗೆ, ಎಷ್ಟು ದಿನದಿಂದಮ್ಮಾ ಹೀಗೆ, ದಿನ ಯಾರಿಗೆ ಗೊತ್ತು, ತಾನು ಮೈತುಂಬಿಕೊಂಡೆ ಅಂತ ಹಿಗ್ಗಿದ್ದಳಲ್ಲ, ಒಣಕಡ್ಡಿಯಂತಿದ್ದವಳು ಕನ್ನಡಿಯಲ್ಲಿ ಗಲ್ಲ ನೋಡಿಕೊಂಡು ನಕ್ಕಿದ್ದಳು, ಅತ್ತೆ ರೊಸಾಲ್ಬಾ ಓಣಿಗೆಲ್ಲ ಕೇಳುವ ಹಾಗೆ, ನೋಡ್ರೇ ನನ್ನ ಸೊಸೆ ಮುಖಾನ, ಬೆಳಿಗ್ಗೆ ಎದ್ರೆ ಹುಣ್ಣಿಮೆ ಚಂದ್ರ, ನನ್ನ ಮಗ ಹೊಟ್ಟೆಗೆ ಹಾಕ್ತಾನೋ ಇಲ್ವೋ ಹೇಳ್ರಿ, ಉಚ್ಚೆ ನೊರೆನೊರೆಯಾಗಿ ಬರ್ತಿದೆ ಅತ್ತೆ ಅಂದರೆ, ಹಾಗಾದ್ರೆ ಗಂಡುಮಗೂನೇ ಬಿಡು, ತೊಟ್ಟಿಲು ಇಳಿಸ್ತೀನಿ — ಯಾವ ಗಂಡು, ಯಾವ ಮಗು, ನಳಿಗೆಯೊಳಗೆ ಈಗ ಏನೋ ಕದಡುತ್ತಿದೆ, ಡಾಕ್ಟರಮ್ಮ ಎರಡು ಹನಿ ವಿನೆಗರ್ ಬಿಟ್ಟಳು, ಕದಡಿದ್ದು ಇನ್ನೂ ಬಿಳುಪಾಯಿತು, ಹೆಪ್ಪಾಯಿತು, ಕಾದ ಬಾಣಲೆಯಲ್ಲಿ ಮೊಟ್ಟೆಯ ಲೋಳೆ ಬೆಳ್ಳಗಾದಂತೆ.

ರಕ್ತದಲ್ಲಿ ಇರಬೇಕಾದ ಸತ್ವ ಕಣಮ್ಮಾ ಇದು, ನಿನ್ನ ಕಿಡ್ನಿಯ ಜರಡಿ ಹರಿದಿದೆ, ಸೋರ್ತಾ ಇದೆ, ಮನೇಲಿ ಏನು ಸುಡ್ತೀರಿ, ಏನು ಅಂದರೆ, ಎಲ್ಲರೂ ಸುಡುವುದೇ, ಗಂಡ ವಿಲ್ಮಾರ್ ಹೊಳೆಯ ಚಿನ್ನದ ಮರಳನ್ನು ಪಾದರಸದಲ್ಲಿ ಕಲಸಿ ಬಟ್ಟೆಯಲ್ಲಿ ಹಿಂಡಿ ತರುವ ಬೆಳ್ಳಿಬಣ್ಣದ ಉಂಡೆ, ರೊಟ್ಟಿ ಬೇಯಿಸುವ ಹೆಂಚಿನ ಮೇಲೇ ಇಟ್ಟು ಸುಡುವವಳು ತಾನು, ಕಳ್ಳಕಣ್ಣು ಬೀಳದ ಹಾಗೆ ಬಾಗಿಲು ಹಾಕಿ, ಬಿಳಿ ಹೊಗೆ ಎದ್ದು ಉಂಡೆ ಕುಗ್ಗಿ ಕುಗ್ಗಿ ಕೊನೆಗೆ ಹಳದಿ ಕಣ್ಣು ತೆರೆಯುತ್ತದೆ, ಅದೊಂದು ಚಂದ, ಆಗ ಯುಲಿ ಚಪ್ಪಾಳೆ ತಟ್ಟಿ ಅಮ್ಮಾ ಸೂರ್ಯ ಹುಟ್ಟಿದ ಅನ್ನುತ್ತಾಳೆ, ಚಪ್ಪಾಳೆ, ಅಂದರೆ ಅವಳೂ ಅಲ್ಲೇ, ಬಾಗಿಲು ಹಾಕಿದ ಅದೇ ಅಡುಗೆಮನೆಯಲ್ಲಿ, ದೇವರೇ ಮಾತೆ ಮರಿಯಾ — ಮಗೂದು ನೋಡೋಣ, ಎಂದಳು ಡಾಕ್ಟರಮ್ಮ, ಮತ್ತೊಂದು ನಳಿಗೆ, ಮತ್ತೆ ಆ ಪುಟ್ಟ ನೀಲಿ, ಬೇಡ, ಬಿಳುಪಾಗಬೇಡ, ನನ್ನದು ಇನ್ನೂ ಹತ್ತು ಸಲ ಹೆಪ್ಪಾಗಲಿ, ಮೋಡ ಕಟ್ಟಿತು, ತೆಳ್ಳಗೆ, ಹಾಲಿಗೆ ನೀರು ಹೊಯ್ದಂತೆ, ಆದರೂ ಬಿಳಿಯೇ.

ಇವಳದು ಈಗಿನ್ನೂ ಶುರು, ಆ ಪಾದರಸದ ಹೊಗೆ ಇವತ್ತೇ ನಿಂತ್ರೆ ಇಳಿಯೋ ಸಾಧ್ಯತೆ ಇದೆ, ಮೈಯೊಳಗೆ ಪಾದರಸ ಎಷ್ಟಿದೆ ಅಂತ ನಗರದಲ್ಲೇ ನೋಡ್ಬೇಕು, ಇಬ್ಬರೂ ಹೊರಡಿ, ನಿನ್ನದು ಏನಾಗುತ್ತೋ ಈಗಲೇ ಹೇಳಕ್ಕಾಗಲ್ಲ, ಅಷ್ಟರಲ್ಲಿ ವಿಲ್ಮಾರ್ ಬಾಗಿಲಲ್ಲಿ, ಮೊಣಕಾಲವರೆಗೆ ಕೆಸರು, ಜೇಬು ಉಬ್ಬಿದೆ, ಇವತ್ತಿನ ಉಂಡೆ, ಏನೇ ನನ್ನ ದುಂಡುಮಲ್ಲಿಗೆ, ಡಾಕ್ಟರು ಏನಂದ್ರು, ಡಾಕ್ಟರಮ್ಮ ಹೇಳಿದಳು, ಅವನು ಕೇಳಿದ, ತಲೆ ಕೆರೆದುಕೊಂಡ, ನಮ್ಮಪ್ಪ ಜೀವಮಾನ ಪೂರ್ತಿ ಸುಟ್ಟ, ಏನಾಯ್ತೀಗ, ಆಯ್ತು, ನಾಳೆಯಿಂದ ಬೇಡ, ಇದೊಂದು ಸುಟ್ಟುಕೊಡು, ಇದೊಂದೇ — ಅವನ ಬೆರಳು ಜೇಬಿನ ಮೇಲೆ ನಡುಗುತ್ತಿತ್ತು, ಕುಡಿತದ ನಡುಕ ಅಂದುಕೊಂಡಿದ್ದಳಲ್ಲ ಇಷ್ಟು ದಿನ, ಕುಡಿಯದ ದಿನವೂ ನಡುಗುವ ಬೆರಳು, ಇಲ್ಲ ಅಂದಳು, ಯಾರೋ ಅಂದ ಹಾಗೆ ಕೇಳಿಸಿತು, ಮದುವೆಯಾದಮೇಲೆ ಅವನಿಗೆ ಆ ಮಾತು ಅಂದದ್ದೇ ಇಲ್ಲ, ಎದುರಾಡ್ತೀಯೇನೇ ಜನರೆದುರಿಗೆ, ಹೂಂ ಆಡ್ತೀನಿ, ಹೆಂಚನ್ನ ಹೊಳೆಗೆ ಎಸೀತೀನಿ, ನೀನು ಬೇಕಾದ್ರೆ ಬಾ, ಬೇಡದಿದ್ರೆ ಬಿಡು, ನಾವಿಬ್ರೂ ನಗರದ ದೋಣಿ ಹತ್ತೋದೇ, ಅವನು ಇನ್ನೂ ಏನೋ ಅನ್ನುತ್ತಿದ್ದಾನೆ, ತುಟಿ ಅಲ್ಲಾಡುತ್ತಿದೆ, ಅವಳು ಡಾಕ್ಟರಮ್ಮನ ಕೈಯಿಂದ ನಳಿಗೆ ತೆಗೆದುಕೊಂಡು ಅವನ ಕಣ್ಣಿಗೆ ಹಿಡಿದಳು, ಗಾಜು ಇನ್ನೂ ಬೆಚ್ಚಗಿದೆ, ಮಗುವಿನ ಹಣೆಯಷ್ಟು ಬೆಚ್ಚಗೆ, ಒಳಗೆ ಬಿಳಿ, ನೋಡು, ಬಿಳಿ, ಯುಲಿಯ ಬಿಳಿ