ಚಿಪ್ಪು ಕಟ್ಟದ ಮರಿಗಳು

"ಈ ಸಲವೂ ಮರಿ ಇಲ್ವಂತೆ," ಎನ್ನುತ್ತ ಗಂಡ ಖಾಲಿ ಬುಟ್ಟಿಯನ್ನು ಬಾಗಿಲಲ್ಲೇ ಕುಕ್ಕಿದ. ಕಪ್ಪೆಚಿಪ್ಪಿನ ಮರಿಗಳನ್ನು ತಂದು, ಹಗ್ಗಕ್ಕೆ ಕಟ್ಟಿ, ಸಮುದ್ರದಲ್ಲಿ ಇಳಿಬಿಟ್ಟು ಬೆಳೆಸುವುದು ಅವನ ಕಸುಬು. ಮರಿ ಕೊಡುತ್ತಿದ್ದ ಕೇಂದ್ರದಲ್ಲಿ ಮೂರು ಸಲ ಸಾಲಾಗಿ ಎಲ್ಲವೂ ಸತ್ತಿದ್ದವು.

ಹೆಂಡತಿಗೆ ರೇಗಿತು. ಅವಳು ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಕೂತು ಹರಿದ ಬಲೆ ಹೊಲಿಯುವವಳು. ಅವಳ ಒಡಹುಟ್ಟಿದ ತಂಗಿಯೇ ಆ ಕೇಂದ್ರದ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಮರುದಿನ ತಂಗಿ ದಕ್ಕೆಗೆ ಬಂದದ್ದೇ ತಡ, ಅಕ್ಕ ತರಾಟೆಗೆ ತೆಗೆದುಕೊಂಡಳು.

"ಅಷ್ಟೊಂದು ಓದಿದೋರಿದ್ದೀರಿ. ಎಳ್ಳುಕಾಳಷ್ಟು ಮರೀನ ಸಾಕೋಕೆ ಆಗಲ್ವಾ?"

ತಂಗಿ ಅಕ್ಕನ ಕಾಲ ಬಳಿ ನೋಡಿದಳು. ನೈಲಾನ್ ಹಗ್ಗ ಕತ್ತರಿಸಿ, ಉಜ್ಜಿ ಉದುರಿದ ನೀಲಿ ಚೂರು, ನೀಲಿ ಪುಡಿ. ಅಕ್ಕ ಮಾತಾಡುತ್ತಲೇ ಅದನ್ನು ಪೊರಕೆಯಿಂದ ನೀರಿಗೆ ತಳ್ಳುತ್ತಿದ್ದಳು.

"ಮರಿ ಕೊಲ್ತಿರೋದು ಇದೇ ಅಕ್ಕಾ. ಕೇಂದ್ರದ ತೊಟ್ಟಿಗಳಿಗೆ ನೀರು ಎಳೆಯೋದು ಈ ದಕ್ಕೆಯಿಂದಲೇ, ಅಷ್ಟೂ ನೀರನ್ನ ಇಷ್ಟು ಸಣ್ಣ ಪುಡಿ ಹೋಗೋ ಹಾಗೆ ಸೋಸೋಕಾಗಲ್ಲ."

"ಹೋಗೇ! ಇಪ್ಪತ್ತು ವರ್ಷದಿಂದ ಗುಡಿಸ್ತಿದ್ದೀನಿ. ಒಂದು ಮೀನಾದ್ರೂ ಬಂದು ದೂರು ಹೇಳಿದೆಯಾ?"

"ಬಾ, ತೋರಿಸ್ತೀನಿ."

ಪ್ರಯೋಗಾಲಯದ ಮೇಜಿನ ಮೇಲೆ ಮೂರು ಜಾಡಿಗಳಿದ್ದವು. ಮೂರರಲ್ಲೂ ಒಂದೇ ತಾಯಿಯ ಮೊಟ್ಟೆಗಳಿಂದ ಹೊರಬಂದ, ಮೂರು ದಿನದ ಮರಿಗಳು. ಅಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಸೋಸಿದ ಸಮುದ್ರದ ನೀರಿನಲ್ಲಿದ್ದ ಮರಿಗಳಿಗೆ ಅರ್ಧಚಂದ್ರದಂಥ ಪುಟ್ಟ ಚಿಪ್ಪು ಕಟ್ಟಿತ್ತು. ದಕ್ಕೆಯ ನೀರಿನವು ಸೊಟ್ಟಪಟ್ಟ.

"ದಕ್ಕೆ ನೀರಲ್ಲಿ ಡೀಸೆಲ್ ಇದೆ, ಊರ ಕೊಳಚೆ ಇದೆ. ನನ್ನೊಬ್ಬಳ ತಲೆಗೆ ಯಾಕೆ ಕಟ್ತೀಯ?"

"ಅದಕ್ಕೇ ಮೂರನೇ ಜಾಡಿ. ಇದು ಸೋಸಿದ ನೀರೇ. ನಿನ್ನ ಕಸದ ಪುಡಿ ಒಂದು ಚಿಟಿಕೆ ಹಾಕಿದೀನಿ, ಅಷ್ಟೇ."

ಅಕ್ಕ ನೋಡಿದಳು. ಚಿಪ್ಪಿನ ಅಂಚುಗಳು ಮುರುಟಿದ್ದವು. ಒಂದು ಮರಿ ಈಜಲಾಗದೆ ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ಅದರ ಹೊಟ್ಟೆಯಲ್ಲಿ ನೀಲಿ ಚುಕ್ಕೆ.

"ಆಹಾರ ಅಂದ್ಕೊಂಡು ನುಂಗ್ತವೆ," ಎಂದಳು ತಂಗಿ. "ಹೊಟ್ಟೆ ತುಂಬತ್ತೆ, ಮೈ ಬೆಳೆಯಲ್ಲ. ಪ್ಲಾಸ್ಟಿಕ್‌ಗೆ ಬೆರೆಸಿರೋ ರಾಸಾಯನಿಕಾನೂ ನೀರಿಗೆ ಬಿಡತ್ತೆ. ಚಿಪ್ಪು ಕಟ್ಟೋ ಹೊತ್ತಲ್ಲಿ ಪೆಟ್ಟು ಬಿದ್ರೆ ಆಮೇಲೆ ಸರಿಹೋಗೋದು ಕಷ್ಟ."

ಅಕ್ಕ ತಲೆಯೆತ್ತಿದಳು. "ಇದೆಲ್ಲ ನಿಂಗೆ ಯಾವಾಗಿಂದ ಗೊತ್ತು?"

"ಎರಡು ತಿಂಗಳಿಂದ ಮಾಡಿ ನೋಡ್ತಿದ್ದೀನಿ."

"ಎರಡು ತಿಂಗಳು! ನಮ್ಮನೇಲೇ ಉಂಡು, ಸುಮ್ಮನೆ ಎದ್ದು ಹೋದ್ಯಾ?"

"ನಿನ್ನ ಕೆಲಸಕ್ಕೆ ಕಲ್ಲು ಹಾಕೋಕೆ ಬಾಯಿ ಬರಲಿಲ್ಲ ಅಕ್ಕಾ."

"ಆ ಕಲ್ಲು ನಮ್ಮನೆಯವರ ಕೆಲಸಕ್ಕೆ ಬಿತ್ತಲ್ಲೇ."

ಮರುದಿನದಿಂದ ಅಕ್ಕ ದಪ್ಪ ಬಟ್ಟೆ ಹಾಸಿ ಅದರ ಮೇಲೆ ಹಗ್ಗ ಕತ್ತರಿಸತೊಡಗಿದಳು. ಕಸ ತುಂಬಲು ಗಂಡನೇ ಚೀಲ ತಂದುಕೊಟ್ಟ. ಪಕ್ಕದ ಬಲೆಯವರು, "ಸಮುದ್ರಕ್ಕೆ ನಿಮ್ಮ ಚಿಟಿಕೆ ಯಾವ ಮೂಲೆಗೆ?" ಎಂದು ನಕ್ಕರು. ಆಮೇಲೆ ನಾಲ್ವರು ತಾವೂ ಬಟ್ಟೆ ಹಾಸಿದರು. ಆದರೆ ಅಷ್ಟರಲ್ಲಿ ಕೇಂದ್ರಕ್ಕೆ ಬೀಗ ಬಿದ್ದಿತ್ತು. ಗಂಡ ಈಗ ಐಸ್ ಕಾರ್ಖಾನೆಯಲ್ಲಿ ಮಂಜುಗಡ್ಡೆ ಹೊರುತ್ತಾನೆ. ತಂಗಿ ಬೇರೆ ಕೆಲಸ ಹುಡುಕುತ್ತಿದ್ದಾಳೆ. ಅಕ್ಕತಂಗಿಯರ ನಡುವೆ ಮಾತಿದೆ, ಮೊದಲಿನ ಸಲಿಗೆ ಇಲ್ಲ.

ಬಲೆ, ಹಗ್ಗ, ಥರ್ಮೊಕೋಲ್ ಪೆಟ್ಟಿಗೆ ಕತ್ತರಿಸುವವರೇ, ಕೆಳಗೊಂದು ಬಟ್ಟೆ ಹಾಸಿ. ಉದುರಿದ್ದನ್ನು ಗುಡಿಸಿ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಸದ ಗಾಡಿಗೇ ಕೊಡಿ. ನೀರಿಗೆ ಬಿದ್ದ ಪುಡಿಯನ್ನು ಮತ್ತೆ ಹೆಕ್ಕಿ ತೆಗೆಯಲು ಯಾರಿಂದಲೂ ಆಗದು. ಇದು ಗೊತ್ತಿದ್ದೂ ನಿಮ್ಮವರ ಮುಂದೆ ಸುಮ್ಮನಿದ್ದರೆ, ದಾಕ್ಷಿಣ್ಯ ಬಿಟ್ಟು ಇವತ್ತೇ ಹೇಳಿ.