ಅಮವಾಸ್ಯೆಯ ಭಟ್ಟಿ

"ಇದಕ ನಿಂಬಿಹಣ್ಣು ಎಲ್ಲಿ ಕಟ್ಟೂದವಾ? ಗಾಲಿ ಇಲ್ಲ, ಪಟ್ಟಾ ಇಲ್ಲ, ಹೊಗಿ ಸುದ್ದಾ ಬರಂಗಿಲ್ಲ. ಇದೆಂಥಾ ಭಟ್ಟಿ!"

ಗುರುಬಸವ ಸಾಹುಕಾರ ದಾರಕ್ಕೆ ಪೋಣಿಸಿದ ನಿಂಬೆಹಣ್ಣು, ಮೆಣಸಿನಕಾಯಿ ಹಿಡಿದುಕೊಂಡು ಭಟ್ಟಿಯ ಸುತ್ತ ಒಂದು ಸುತ್ತು ಹಾಕಿ ಬಂದ. ಗರಿಗರಿ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ಭಟ್ಟಿಯ ಉಸ್ತುವಾರಿ ನೋಡುವ ದಾನೇಶ್ವರಿ ತಿರುಗಿಯೂ ನೋಡಲಿಲ್ಲ. ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ಮನುಷ್ಯ, ಸಬ್ಸಿಡಿ ಸಿಗುತ್ತದೆಂದು ಯಾರೋ ಕಿವಿಯೂದಿದ್ದಕ್ಕೆ ಕೊಪ್ಪಳದ ಹೊರಗೆ ಬ್ಯಾಟರಿ ಶೆಡ್ಡು ಹಾಕಿದ್ದ. ಲಿಥಿಯಂ ಎಂಬ ಶಬ್ದ ಅವನ ಬಾಯಿಂದ ಒಮ್ಮೆಯೂ ನೆಟ್ಟಗೆ ಹೊರಬಿದ್ದಿರಲಿಲ್ಲ.

"ಸಿಲಿಂಡರಿನ ಮೀಟರಿಗಿ ಕಟ್ರಿ ಕಾಕಾರ," ಎಂದಳು. "ಅದರ ಮುಳ್ಳರ ತಿರಗತೈತಿ."

ಕೊಂಕು ಅವನಿಗೆ ತಾಗಲಿಲ್ಲ. ಖುಷಿಯಿಂದ ಅಲ್ಲೇ ಕಟ್ಟಿದ. ಗೋಡೆಯ ಬದಿಗೆ ನಿಂತಿದ್ದ ಕೆಲಸದ ಹುಲಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ನಕ್ಕದ್ದು ಯಾರನ್ನು ನೋಡಿ ಎಂದು ದಾನೇಶ್ವರಿಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳುವ ಮನಸ್ಸೂ ಆಗಲಿಲ್ಲ.

ಭಟ್ಟಿಯೊಳಗೆ ತಟ್ಟೆಗಳಲ್ಲಿ ಕರಿ ಪುಡಿ ಕಾಯುತ್ತಿತ್ತು. ಕೆಟ್ಟುಹೋದ ಬ್ಯಾಟರಿ ಆಟೋಗಳ ಸೆಲ್ಲು ಬಿಚ್ಚಿ, ಅಲ್ಯುಮಿನಿಯಂ ಹಾಳೆಗಳನ್ನು ನೆನೆಹಾಕಿ, ಅವಕ್ಕೆ ಅಂಟಿದ, ಕಬ್ಬಿಣದಂಶವಿರುವ ಪುಡಿಯನ್ನು ಹುಲಿಗವ್ವ ದಿನಗಟ್ಟಲೆ ಕೆರೆದು ತೆಗೆದಿದ್ದಳು. ಬೇರೆ ಕಡೆ ಇಂಥ ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಮೊದಲಿನಿಂದ ಶುರು ಮಾಡುತ್ತಾರೆ. ಮನೆಯ ಕಲ್ಲುಕಲ್ಲು ಬಿಚ್ಚಿ ಮತ್ತೆ ಕಟ್ಟಿದ ಹಾಗೆ. ದಾನೇಶ್ವರಿಯದು ಹಾಗಲ್ಲ. ಗೋಡೆ ಗಟ್ಟಿಯಿವೆ, ಜಂತಿಗಳಷ್ಟೇ ಬಿದ್ದಿವೆ, ಅವನ್ನು ಮತ್ತೆ ಹಾಕಿದರೆ ಸಾಕು ಎನ್ನುವ ದಾರಿ. ಕಳೆದುಹೋದಷ್ಟು ಲಿಥಿಯಂ ಉಪ್ಪನ್ನು, ಒಂದಿಷ್ಟು ಸಕ್ಕರೆಯನ್ನು ಪುಡಿಗೆ ಬೆರೆಸಿ, ಗಾಳಿ ಹೋಗದ ಹಾಗೆ ಸಿಲಿಂಡರಿನಿಂದ ನೈಟ್ರೋಜನ್ ತುಂಬಿ ಕಾಯಿಸಿದರೆ ಪುಡಿ ತಾನೇ ಚೇತರಿಸಿಕೊಳ್ಳುತ್ತದೆ.

ಸಣ್ಣ ಭಟ್ಟಿಯಲ್ಲಿ ಅದು ಚೇತರಿಸಿಕೊಂಡಿತ್ತು. ಇದು ದೊಡ್ಡ ಭಟ್ಟಿಯ ಮೊದಲ ಬ್ಯಾಚು. ನಾಳೆ ಹೊಸಪೇಟೆಯ ಬ್ಯಾಟರಿ ವ್ಯಾಪಾರಿ ಸುಭಾಷ್ ಪುಡಿ ನೋಡಿ ಕೊಳ್ಳಲು ಬರುವವನಿದ್ದ. ಒಪ್ಪಿದರೆ ಶೆಡ್ಡು ನಡೆಯುತ್ತದೆ. ಇಲ್ಲದಿದ್ದರೆ ಉಳಿದ ಸೆಲ್ಲುಗಳನ್ನೆಲ್ಲ ಗುಜರಿಯ ಮರ್ದಾನಸಾಬನಿಗೆ ಕೊಟ್ಟು ಬೀಗ ಹಾಕುವುದೆಂದು ಸಾಹುಕಾರ ಆಗಲೇ ಹೇಳಿಬಿಟ್ಟಿದ್ದ. ಮರ್ದಾನಸಾಬ ತಾಮ್ರಕ್ಕಾಗಿ ಅವನ್ನು ಹಳ್ಳದ ದಂಡೆಯಲ್ಲಿ ಸುಡಿಸುತ್ತಾನೆ. ಇಲ್ಲಿಗೆ ಬರುವ ಮೊದಲು ಹುಲಿಗವ್ವ ಸುಡುತ್ತಿದ್ದದ್ದು ಅಲ್ಲೇ.

ಮಿಶ್ರಣ ಮಾಡುವ ದಿನ ಸಾಹುಕಾರ ಬಗ್ಗಿ ನೋಡಿದ್ದ. "ಉಪ್ಪು ಹಾಕ್ತಿ, ಸಕ್ರಿ ಹಾಕ್ತಿ. ಒಳಗ ಏನು ಮಾಡ್ತಿಯವಾ?"

"ಮಾದ್ಲಿ ಮಾಡ್ತೀನ್ರಿ," ಎಂದು ಹಬ್ಬದ ಸಿಹಿಯ ಹೆಸರು ಹೇಳಿ ಮಾತು ಮುಗಿಸಿದ್ದಳು.

ಈ ಮನುಷ್ಯನಿಗೆ ಬಿಡಿಸಿ ಹೇಳುವುದೆಂದರೆ ಗೋಡೆಗೆ ಪಾಠ ಮಾಡಿದ ಹಾಗೆ ಎಂದು ಅವಳ ಲೆಕ್ಕ. ಧಾರವಾಡದಲ್ಲಿ ಎಂಎಸ್ಸಿ ಓದಿದ್ದು ಗಿರಣಿ ಸಾಹುಕಾರರಿಗೆ ಅಕ್ಷರ ಕಲಿಸುವುದಕ್ಕಲ್ಲ. ಭಟ್ಟಿ ಕಾಯುವಾಗ ಬಾಗಿಲು ತೆರೆಯಬಾರದೆಂದು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದು ಅಂಟಿಸಿದ್ದಳು, ಅಷ್ಟೇ. ಸಾಹುಕಾರನಂತೂ ಊರೆಲ್ಲ ಹೇಳಿಕೊಂಡು ಬಂದಿದ್ದ: "ನಮ್ಮ ಭಟ್ಟ್ಯಾಗ ಬ್ಯಾಟರಿ ಮಾದ್ಲಿ ಆಗತೈತ್ರಿಪಾ!"

ಈಗ ಅಮವಾಸ್ಯೆಯ ಪೂಜೆಗೆ ಬಂದಿದ್ದ ಅಯ್ಯನವರು ಗಂಟೆ ಬಾರಿಸಿದರು, ಕಾಯಿ ಒಡೆದರು. ಆ ಇಂಗ್ಲಿಷ್ ಹಾಳೆಯ ಮೇಲೆಯೇ ಕುಂಕುಮದ ಬೊಟ್ಟು ಇಟ್ಟರು.

"ಸಾವ್ಕಾರ್ರ, ಭಟ್ಟಿ ಬಾಯಿ ತೆಗೀರಿ. ಅಗ್ನಿಗಿ ಆರತಿ ಆಗಬೇಕು."

ಗಿರಣಿಯಲ್ಲಿ ಪ್ರತಿ ಅಮವಾಸ್ಯೆಗೆ ಹಾಗೇ ನಡೆಯುತ್ತಿತ್ತು. ಬಾಯ್ಲರಿನ ಬಾಯಿ ತೆರೆದು ಉರಿಯುವ ಕರ್ಪೂರ ಒಳಗೆ ಹಾಕಬೇಕು, ಆಳುಕಾಳು ಎಲ್ಲರೂ ಸರದಿಯ ಮೇಲೆ ಬೆಂಕಿಗೆ ಕೈ ಮುಗಿಯಬೇಕು. ಸಾಹುಕಾರ ಭಟ್ಟಿಯ ಹಿಡಿಕೆಗೆ ಕೈ ಹಾಕಿದವನು ಒಮ್ಮೆ ನಿಂತು ತಿರುಗಿದ.

"ತೆಗೀಲೇನವಾ, ದಾನವ್ವ?"

ಬೇಡ ಎಂಬ ಮಾತು ಗಂಟಲಿನವರೆಗೆ ಬಂತು. ಆಗಲೇ ಅವಳಿಗೆ ಅವನ ಎಣ್ಣೆ ಹಚ್ಚಿ ಬಾಚಿದ ತಲೆ ಕಂಡಿತು. ಮೀಟರಿಗೆ ಜೋತುಬಿದ್ದ ನಿಂಬೆಹಣ್ಣು ಕಂಡಿತು. ಅಯ್ಯನವರ ಅವಸರ ಕಂಡಿತು. ಒಮ್ಮೆ ಕೈ ಸುಟ್ಟುಕೊಳ್ಳಲಿ, ಆಗ ಬುದ್ಧಿ ಬರುತ್ತದೆ.

"ನಿಮ್ಮ ಭಟ್ಟಿ, ನಿಮ್ಮ ದೇವರು," ಎಂದಳು.

ಅವನು ಅದನ್ನು ಹೂಂ ಎಂದೇ ತಿಳಿದ. ಬಾಗಿಲು ತೆರೆಯಿತು. ಕೆಂಪು ಬೆಳಕಿನೊಂದಿಗೆ ಝಳ ಹೊರಗೆ ನುಗ್ಗಿತು. ಕರ್ಪೂರ ಉರಿಯಿತು, "ಹರ ಹರ ಮಹಾದೇವ" ಎಂದರು. ಕೆಲಸದವರು ಒಬ್ಬೊಬ್ಬರೇ ಬಂದು ಕೈ ಮುಗಿದರು. ಕೊನೆಗೆ ಬಂದ ಹುಲಿಗವ್ವ ಎಲ್ಲರಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ನಿಂತಳು. ಅಷ್ಟೂ ಹೊತ್ತು ಬಾಗಿಲು ತೆರೆದೇ ಇತ್ತು. ದಾನೇಶ್ವರಿ ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತಿದ್ದಳು. ಒಳಗೊಳಗೇ ಒಂದು ಬಗೆಯ ಹಿತವೂ ಆಗುತ್ತಿತ್ತು.

ಭಟ್ಟಿ ತಣ್ಣಗಾಗುವ ಹೊತ್ತಿಗೆ ಸಂಜೆಯಾಯಿತು. ತಟ್ಟೆ ಹೊರಗೆಳೆದರೆ, ಕಪ್ಪಗಿರಬೇಕಾದ ಪುಡಿ ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿತ್ತು.

"ಹುಲಿಗೆಮ್ಮ ದೇವಿ ಒಲಿದಾಳಲ್ಲವಾ!" ಸಾಹುಕಾರ ಒಂದು ಚಿಟಿಕೆ ಎತ್ತಿಕೊಂಡ. "ಕುಂಕುಮ ಆದಂಗ ಆಗೈತಿ!"

"ತುಕ್ಕು ಅದು," ಎಂದಳು ದಾನೇಶ್ವರಿ. ಈ ಮಾತಿಗಾಗಿಯೇ ಮುಂಜಾನೆಯಿಂದ ಕಾದಿದ್ದಳು. ಆಡಿದಾಗ ಅಂದುಕೊಂಡಷ್ಟು ರುಚಿಸಲಿಲ್ಲ. "ಒಳಗ ಗಾಳಿ ಹೋತು, ಎಲ್ಲಾ ಹಾಳಾತು. ನಾಳಿ ಸುಭಾಷ್ ಇದನ್ನ ಮುಟ್ಟಂಗೂ ಇಲ್ಲ."

"ಗಾಳಿ ಹೋಗಬಾರದಿತ್ತೇನು?"

"ಹೋಗಬಾರದಿತ್ರಿ."

ಅವನು ಬೆರಳ ತುದಿಯ ಪುಡಿಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಕೂಗಾಡಲಿಲ್ಲ.

"ತೆಗೀಲೇನವಾ ಅಂತ ನಿನ್ನನ್ನ ಕೇಳಿದ್ನಲ್ಲವಾ."

ಆ ಮುಖದಲ್ಲಿ ಯಾವಾಗಲೂ ಕೈಗೆ ಸಿಗುತ್ತಿದ್ದ ಪೆದ್ದುತನವನ್ನು ದಾನೇಶ್ವರಿ ಹುಡುಕಿದಳು. ಒಬ್ಬ ದಣಿದ ಮುದುಕ ಕಂಡ, ಅಷ್ಟೇ. ಅವನು ಬೆರಳನ್ನು ಹೊಸ ಅಂಗಿಗೇ ಒರೆಸಿಕೊಂಡು ಫೋನು ತೆಗೆದ.

"ಮರ್ದಾನಸಾಬ, ನಾಳಿ ಗಾಡಿ ಕಳಸ್ರಿ. ಹೌದು... ಸೆಲ್ಲಿನ ಚೀಲ ಎಲ್ಲಾನೂ."

ಮಾತಾಡುತ್ತಲೇ ಶೆಡ್ಡಿನಿಂದ ಹೊರಗೆ ನಡೆದ. ಹುಲಿಗವ್ವ ತಟ್ಟೆಯ ಹತ್ತಿರ ಬಂದು ಕೂತಳು. ತಾನು ಕೆರೆದು ತೆಗೆದ ಪುಡಿಯನ್ನು ಬೆರಳಿನಿಂದ ಒಮ್ಮೆ ಸರಿಸಿ ನೋಡಿದಳು. ಅಡಿಯಲ್ಲಿಯೂ ಕೆಂಪೇ ಇತ್ತು.

"ಮತ್ತ ಹಳ್ಳದಾಗ ಸುಡೂದೇ ಆತಲ್ರಿ," ಎಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ.

ದಾನೇಶ್ವರಿ ಇಂಗ್ಲಿಷ್ ಹಾಳೆಯ ಮೇಲಿನ ಕುಂಕುಮದ ಬೊಟ್ಟನ್ನೇ ನೋಡುತ್ತ ನಿಂತಿದ್ದಳು. ಹುಲಿಗವ್ವ ಎದ್ದು, ಹಾರು ಹೊಡೆದು ನಿಂತಿದ್ದ ಭಟ್ಟಿಯ ಬಾಗಿಲನ್ನು ಎರಡೂ ಕೈಯಿಂದ ಹಿಡಿದಳು.

"ಅಕ್ಕಾರ, ಈಗ ಮುಚ್ಚಲೇನ್ರಿ?"

ಒಳಗೆ ಇನ್ನೂ ಕೆಡುವಂಥದ್ದೇನೋ ಇದೆ ಎಂಬಂತೆ ಅವಳು ಬಾಗಿಲನ್ನು ಮೆಲ್ಲಗೆ ಒತ್ತಿದಳು. ಮೀಟರಿನ ನಿಂಬೆಹಣ್ಣು ಒಮ್ಮೆ ತೂಗಾಡಿ ನಿಂತಿತು.